ಸೊಪ್ಪು ಸಾಕು ಅನ್ನುವವರಿಗೆ, ಮಾತ್ರೆ ಸಾಕು ಅನ್ನುವವರಿಗೆ

ಊರು ಬಿಟ್ಟು ಹೊರನಾಡಿಗೆ ಬಂದ ಮೇಲೆ ಎರಡು ಥರದ ಮಾತು ಕೇಳುತ್ತಿದ್ದೇನೆ. ಮನೆಯ ಹಿರಿಯರು ಫೋನಿನಲ್ಲಿ, "ಸೊಪ್ಪು, ಕಾಳು ತಿಂದರೆ ಸಾಕು. ಊಟದಲ್ಲಿ ಬಂದದ್ದೇ ಮೈಗೆ ಹತ್ತೋದು" ಅನ್ನುತ್ತಾರೆ. ಇಲ್ಲಿನ ಗೆಳೆಯರು, "ದಿನಕ್ಕೊಂದು ಮಾತ್ರೆ ನುಂಗಿದರೆ ಆಯ್ತಲ್ವಾ" ಅನ್ನುತ್ತಾರೆ.

ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ವಿಷಯದಲ್ಲಿ ಮೈಗೆ ಜಾಸ್ತಿ ಹತ್ತುವುದು ಮಾತ್ರೆಯೇ. ಹಿರಿಯರಿಗೆ ಇದನ್ನು ಒಪ್ಪಿಸುವುದು ಕಷ್ಟ. ಆದರೆ ಕಾರಣ ಸರಳವಾಗಿದೆ. ಸೊಪ್ಪು, ಕಾಳುಗಳಲ್ಲಿರುವ ಫೋಲೇಟ್‌ಗೆ ಗ್ಲುಟಮೇಟ್‌ನ ಉದ್ದ ಬಾಲ ಇರುತ್ತದೆ (ಗ್ಲುಟಮೇಟ್ ಅಂದರೆ ಒಂದು ಅಮೈನೋ ಆಮ್ಲ). ಸಣ್ಣ ಕರುಳಿನ ಕಿಣ್ವ ಆ ಬಾಲವನ್ನು ಕತ್ತರಿಸಬೇಕು. ಒಂದೇ ಒಂದು ಗ್ಲುಟಮೇಟ್ ಉಳಿದ ಮೇಲೆಯೇ ಅದು ಕರುಳಿನ ಗೋಡೆ ದಾಟುತ್ತದೆ. ಎಲೆಯೊಳಗೆ ಸಿಕ್ಕಿಕೊಂಡದ್ದೆಲ್ಲ ಬಿಡಿಸಿಕೊಂಡು ಬರುವುದೂ ಇಲ್ಲ. ಹಾಗಾಗಿ ಮೈಗೆ ಸಿಗುವುದು ಸುಮಾರು ಅರ್ಧ. ಅದಕ್ಕೂ ಮುಂಚೆ ಬೇಯಿಸುವಾಗ ಒಂದಷ್ಟು ಹಾಳಾಗಿ, ಒಂದಷ್ಟು ನೀರಿಗೆ ಇಳಿದಿರುತ್ತದೆ.

ಮಾತ್ರೆಯಲ್ಲಿರುವ, ತಯಾರಿಸಿದ ಫೋಲೇಟ್ ಆದ ಫೋಲಿಕ್ ಆ್ಯಸಿಡ್‌ಗೆ ಈ ಬಾಲ ಇಲ್ಲ. ಊಟದ ಜೊತೆ ತೆಗೆದುಕೊಂಡರೆ ನೂರಕ್ಕೆ ಸುಮಾರು 85 ಭಾಗ, ಖಾಲಿ ಹೊಟ್ಟೆಯಲ್ಲಾದರೆ ಹೆಚ್ಚು ಕಡಿಮೆ ಪೂರ್ತಿ ಸಿಗುತ್ತದೆ. ಖಾಲಿ ಹೊಟ್ಟೆಯ 400 ಮೈಕ್ರೋಗ್ರಾಂ ಅಂದರೆ ಊಟದ 800ಕ್ಕೆ ಸಮ.

ಮಗು ಬೇಕು ಅಂದುಕೊಂಡ ಹೆಣ್ಣುಮಕ್ಕಳಿಗೆ ಈ ಲೆಕ್ಕ ತುಂಬಾ ಮುಖ್ಯ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ಕಟ್ಟಿದ 28 ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಆಗ ಫೋಲೇಟ್ ಸಾಲದಿದ್ದರೆ ಅದು ಸರಿಯಾಗಿ ಮುಚ್ಚದೆ ಉಳಿಯಬಹುದು. ಎಷ್ಟೋ ಜನಕ್ಕೆ ಆಗಿನ್ನೂ ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಹಿಂದೊಮ್ಮೆ ಇಂಥ ತೊಂದರೆಯ ಮಗು ಹೆತ್ತ ತಾಯಂದಿರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 1991ರಲ್ಲಿ ಬಂತು. ದಿನಕ್ಕೆ 4 ಮಿಲಿಗ್ರಾಂ (4000 ಮೈಕ್ರೋಗ್ರಾಂ) ಫೋಲಿಕ್ ಆ್ಯಸಿಡ್ ತೆಗೆದುಕೊಂಡವರಲ್ಲಿ ಅದು ಮತ್ತೆ ಬರುವುದು ಶೇ. 72ರಷ್ಟು ತಗ್ಗಿತ್ತು. (ಅಷ್ಟು ದೊಡ್ಡ ಪ್ರಮಾಣ ಡಾಕ್ಟರ್ ಹೇಳಿದರೆ ಮಾತ್ರ. ಉಳಿದವರಿಗೆ ಸಾಮಾನ್ಯವಾಗಿ ಹೇಳುವುದು 400 ಮೈಕ್ರೋಗ್ರಾಂ.)

ಗೆಳೆಯರ ಮಾತೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಸೊಪ್ಪಿನ ನಾರು, ಪೊಟ್ಯಾಸಿಯಂ ಆ ಮಾತ್ರೆಯಲ್ಲಿ ಎಲ್ಲಿದೆ? ಜಾಸ್ತಿ ನುಂಗಿದರೆ ಜಾಸ್ತಿ ಒಳ್ಳೆಯದು ಅನ್ನುವುದೂ ತಪ್ಪು. ಬಿ12 ಕೊರತೆ ಇದ್ದವರಲ್ಲಿ ಹೆಚ್ಚು ಫೋಲಿಕ್ ಆ್ಯಸಿಡ್ ರಕ್ತಹೀನತೆಯನ್ನು ಮರೆಮಾಡುತ್ತದೆ, ಒಳಗೆ ನರಗಳು ಹಾಳಾಗುತ್ತಲೇ ಇರುತ್ತವೆ. ಅದಕ್ಕೇ ದೊಡ್ಡವರಿಗೆ ದಿನಕ್ಕೆ 1000 ಮೈಕ್ರೋಗ್ರಾಂ ಮಿತಿ ಇಟ್ಟಿರುವುದು. ಊಟದ ಫೋಲೇಟ್‌ಗೆ ಆ ಮಿತಿ ಇಲ್ಲ.

ನನ್ನ ತಂಗಿ ಕೇಳಿದಾಗ ಇಷ್ಟೇ ಹೇಳಿದೆ: ಡಾಕ್ಟರ್‌ನ ಒಮ್ಮೆ ಕೇಳು, ಬಿ12 ನೋಡಿಸಿಕೊ, ಮಾತ್ರೆ ಈಗಲೇ ಶುರು ಮಾಡು. ಸೊಪ್ಪು ಬೇಯಿಸಿದ ನೀರನ್ನು ಸುಮ್ನೆ ಚೆಲ್ಲಬೇಡ.