ಮುಂದಿನ ಆದೇಶದವರೆಗೆ

ನಮ್ಮ ವಿಧಾನಸಭೆಯಲ್ಲಿ 224 ಸೀಟು. ಸಂವಿಧಾನದ 91ನೇ ತಿದ್ದುಪಡಿಯ ಪ್ರಕಾರ ಸಂಪುಟ ಅದರ ಶೇ 15 ಮೀರುವಂತಿಲ್ಲ. ಮುಖ್ಯಮಂತ್ರಿಯೂ ಸೇರಿ 34 ಜನ. 2003ರಲ್ಲಿ ಈ ತಿದ್ದುಪಡಿ ತಂದವರು ಮಂತ್ರಿಗಳಿಗೆ ಮಿತಿ ಹಾಕಿದರೇ ಹೊರತು ಮಂತ್ರಿಯಾಗಬೇಕು ಅನ್ನುವವರಿಗೆ ಹಾಕಲಿಲ್ಲ. ಮುನಿಸಿಕೊಂಡವರಿಗೆ ಮೊದಲು ನಿಗಮ, ಆಮೇಲೆ ಮಂಡಳಿ. ಅವೂ ಖಾಲಿಯಾದ ಮೇಲೆ ಹಂಚುವುದಕ್ಕೆ ಉಳಿಯುವುದು ಸಲಹೆಗಾರಿಕೆ. ಆದೇಶದಲ್ಲಿ ‘ಸಂಪುಟ ದರ್ಜೆ ಸ್ಥಾನಮಾನದೊಂದಿಗೆ’ ಎಂಬ ಮಾತು ಬಿದ್ದರೆ ಸಾಕು, ಕಾರು, ಕೊಠಡಿ, ಆಪ್ತ ಸಿಬ್ಬಂದಿ ಹಿಂದೆಯೇ ಬರುತ್ತವೆ. ಖಾತೆ ಬರುವುದಿಲ್ಲ. ಹಾಗಾಗಿ ಸದನದಲ್ಲಿ ಎದ್ದು ಉತ್ತರ ಕೊಡುವ ಪೀಡೆಯೂ ಇಲ್ಲ.

ಈ ಕಸುಬಿನಲ್ಲೇ ತಲೆ ನರೆಸಿಕೊಂಡ ಸಾಹೇಬರೊಬ್ಬರನ್ನು ಕಲ್ಪಿಸಿಕೊಳ್ಳಿ. (ಹೆಸರು ಕೇಳಬೇಡಿ. ವಿಧಾನಸೌಧದ ಮೂರನೇ ಮಹಡಿಗೆ ಹೋಗುವ ಲಿಫ್ಟಿನಲ್ಲಿ ಇಂಥವರು ಇಬ್ಬರಾದರೂ ಸಿಗುತ್ತಾರೆ.) ಎಸ್.ಎಂ. ಕೃಷ್ಣರ ಕಾಲಕ್ಕೆ ಒಳಹೊಕ್ಕವರು ಧರಂ ಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್, ಸಿದ್ದರಾಮಯ್ಯ, ಬೊಮ್ಮಾಯಿ ಎಲ್ಲರನ್ನೂ ದಾಟಿ ಬಂದರು. 2007ರ ನವೆಂಬರಿನಲ್ಲಿ ಏಳೇ ದಿನ ಬಾಳಿದ ಸರ್ಕಾರದಲ್ಲೂ ಅವರಿಗೆ ಆದೇಶ ಸಿಕ್ಕಿತ್ತು. ಬಾಗಿಲಿನ ಬೋರ್ಡಿನ ಬಣ್ಣ ಒಣಗುವಷ್ಟರಲ್ಲಿ ಸರ್ಕಾರ ಬಿತ್ತು. ಸಾಹೇಬರು ಬೋರ್ಡು ಎಸೆಯಲಿಲ್ಲ, ಮನೆಗೆ ತಂದಿಟ್ಟರು. 2008ರ ಮೇ ತಿಂಗಳಲ್ಲಿ ಅದೇ ಬೋರ್ಡು ಒರೆಸಿ ಹಾಕಿದ್ದಾಯಿತು.

ಇಷ್ಟು ವರ್ಷ ಉಳಿದ ಗುಟ್ಟೇನು? ಸಲಹೆ ಕೊಡದೆ ಇದ್ದದ್ದು. ಕೊಡುತ್ತಾ ಹೋದವನು ಒಂದಲ್ಲ ಒಂದು ದಿನ ತಪ್ಪು ಸಲಹೆ ಕೊಟ್ಟು ಹೋಗುತ್ತಾನೆ. ಸರಿಯಾದದ್ದು ಕೊಟ್ಟವನಂತೂ ಅವತ್ತೇ ಹೋಗುತ್ತಾನೆ.

“ಏನ್ರೀ, ಮಾಡೋಣ್ವಾ ಬೇಡ್ವಾ?”

“ತಾವು ಆಗಲೇ ಯೋಚನೆ ಮಾಡಿರ್ತೀರಿ ಸರ್.”

ಕೆಲಸ ಕೈಹಿಡಿದರೆ “ನಾನೂ ಅದನ್ನೇ ಅಂದ್ಕೊಂಡಿದ್ದೆ ಸರ್.” ಕೈಕೊಟ್ಟರೆ “ಅಧಿಕಾರಿಗಳು ದಾರಿ ತಪ್ಪಿಸಿದ್ರು ಸರ್.”

ಒಂದು ಸಲಹೆ ಮಾತ್ರ ಅವರು ಯಾವ ಪಕ್ಷ ಬಂದರೂ ತಪ್ಪದೆ ಕೊಡುತ್ತಿದ್ದರು: “ಚಾಮರಾಜನಗರ ಬೇಡಿ ಸರ್. ಅಲ್ಲಿಗೆ ಹೋದವರ ಕುರ್ಚಿ ಉಳಿಯಲ್ಲ.” ಒಂದಿಡೀ ಜಿಲ್ಲೆಯನ್ನು ಮುಖ್ಯಮಂತ್ರಿಗಳ ಪ್ರವಾಸಪಟ್ಟಿಯಿಂದ ಹೊರಗಿಟ್ಟ ಸಲಹೆ ಅದು. ಸಿದ್ದರಾಮಯ್ಯ ಮತ್ತೆ ಮತ್ತೆ ಹೋಗಿ ಬಂದೂ 2018ಕ್ಕೆ ಐದು ವರ್ಷ ಪೂರೈಸಿದರು. ಸಾಹೇಬರು ಪತ್ರಕರ್ತರನ್ನು ಪಕ್ಕಕ್ಕೆ ಕರೆದು, “ಹೋಗಿ ಅಂತ ಹೇಳಿದ್ದೇ ನಾನು, ಬರೀಬೇಡಿ” ಎಂದರು. 2023ರ ಜೂನ್‌ನಲ್ಲಿ ವಾಸ್ತು ನೆಪದಲ್ಲಿ ಮುಚ್ಚಿದ್ದ ಮುಖ್ಯಮಂತ್ರಿ ಕೊಠಡಿಯ ಬಾಗಿಲು ತೆರೆದಾಗಲೂ ಅಷ್ಟೇ. ಮುಚ್ಚಿಸಿದ್ದರಲ್ಲೂ ತೆರೆಸಿದ್ದರಲ್ಲೂ ತಮ್ಮ ಪಾತ್ರವಿದೆಯಂತೆ.

ಕಷ್ಟ ಅವರಿಗೂ ಬಂದಿದೆ. 2017ರ ಮೇ 1ರಿಂದ ಕಾರಿನ ಕೆಂಪುದೀಪ ಹೋಯಿತು. ಸದಾಶಿವನಗರದಿಂದ ಹೊರಟವರು ಕಾವೇರಿ ಜಂಕ್ಷನ್ನಿನಲ್ಲಿ ನಮ್ಮ ನಿಮ್ಮ ಹಾಗೆ ಬಿಎಂಟಿಸಿ ಬಸ್ಸಿನ ಹೊಗೆ ಕುಡಿಯಬೇಕಾಯಿತು. ಅದಕ್ಕಿಂತ ದೊಡ್ಡ ಆಘಾತ 2025ರದ್ದು: ಮುಖ್ಯಮಂತ್ರಿಯ ಸಲಹೆಗಾರರಾಗಿದ್ದ ಬಿ.ಆರ್. ಪಾಟೀಲರು ತಾವಾಗಿಯೇ ರಾಜೀನಾಮೆ ಬರೆದುಕೊಟ್ಟರು. “ಬಿಡೋದಕ್ಕೂ ಆಗತ್ತಾ ಇದನ್ನ?” ಎಂದು ಸಾಹೇಬರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಈಚೆಗೆ ಯಾರೋ ತಲೆಹರಟೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ: ಸಾಹೇಬರು ಇದುವರೆಗೆ ಕೊಟ್ಟ ಸಲಹೆಗಳ ದೃಢೀಕೃತ ಪ್ರತಿ ಬೇಕು. ಕಚೇರಿ ತಡಕಾಡಿತು. ಕಾರು ಓಡಿದ್ದಕ್ಕೆ ಲಾಗ್‌ಬುಕ್ ಇತ್ತು, ಡೀಸೆಲ್ಲಿಗೆ ಬಿಲ್ಲಿತ್ತು, ಕಾಫಿ-ಬಿಸ್ಕತ್ತಿಗೆ ವೋಚರಿತ್ತು. ‘ಸಲಹೆಗಳು ಮೌಖಿಕವಾಗಿರುವುದರಿಂದ ಕಡತದಲ್ಲಿ ಲಭ್ಯವಿರುವುದಿಲ್ಲ’ ಎಂದು ಹಿಂಬರಹ ಹೋಯಿತು. ಅವನು ಬಿಡಲಿಲ್ಲ, ಮೇಲ್ಮನವಿ ಹಾಕಿದ. ಇದಕ್ಕೇನು ಉತ್ತರ ಬರೆಯೋಣ ಎಂದು ಸಿಬ್ಬಂದಿ ಕಡತವನ್ನೇ ಸಾಹೇಬರ ಮುಂದಿಟ್ಟರು. ಸಾಹೇಬರು ಕನ್ನಡಕ ಏರಿಸಿ, ಹಸಿರು ಶಾಯಿಯ ಪೆನ್ನು ತೆಗೆದು, ವೃತ್ತಿಜೀವನದ ಮೊದಲ ಲಿಖಿತ ಸಲಹೆ ಕೊಟ್ಟರು:

‘ಚರ್ಚಿಸಿ.’