ಬೋಳಿಲಿಗೆ 18 ನಿಮಿಷ, ನಮಗೆ 3 ತಾಸು

ಮನುಷ್ಯ ಕೆಳಗಿನಿಂದಲೂ ಉಸಿರಾಡಬಹುದಾ ಎಂದು ಜಪಾನಿನ ವಿಜ್ಞಾನಿಗಳು ಪರೀಕ್ಷೆ ಮಾಡುತ್ತಿದ್ದಾರೆ. ಕೆಳಗಿನಿಂದ ಅಂದರೆ, ನೀವು ಈಗ ಅಂದುಕೊಂಡಿರಲ್ಲ, ಅದೇ ಜಾಗ.

ತಮಾಷೆಯಲ್ಲ ಮಾರಾಯ್ರೆ. ಕೆಸರು ನೀರಲ್ಲಿ ಬದುಕುವ ಲೋಚ್ ಎಂಬ ಮೀನಿದೆ. ನೀರಲ್ಲಿ ಆಮ್ಲಜನಕ ಕಡಿಮೆಯಾದರೆ ಅದು ಕರುಳಿನಿಂದ ಉಸಿರಾಡುತ್ತದೆ. ಮೀನಿಗೆ ಆಗುವುದು ಬೇರೆ ಪ್ರಾಣಿಗೇಕೆ ಆಗಬಾರದು ಎಂದು ತಕನೋರಿ ತಕೆಬೆ ಎಂಬವರ ತಂಡ ಹೊರಟಿತು. ಆಮ್ಲಜನಕವನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುವ ಒಂದು ದ್ರವವನ್ನು ಇಲಿ, ಹಂದಿಗಳಿಗೆ ಹಿಂಬದಿಯಿಂದ ಹಾಕಿದರು. ಕರುಳಿನ ಗೋಡೆಯ ರಕ್ತನಾಳಗಳು ಆಮ್ಲಜನಕ ಹೀರಿಕೊಂಡವು. ಉಸಿರಿಗೆ ಒದ್ದಾಡುತ್ತಿದ್ದ ಪ್ರಾಣಿಗಳು ಚೇತರಿಸಿಕೊಂಡವು. ಇದು 2021ರ ಮಾತು. 2024ರಲ್ಲಿ ಇದಕ್ಕೆ ಶರೀರಶಾಸ್ತ್ರದ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಪ್ರಶಸ್ತಿ ಅದು. 2025ರಲ್ಲಿ ಮನುಷ್ಯರ ಪಾಳಿ ಬಂತು. 27 ಆರೋಗ್ಯವಂತ ಗಂಡಸರು ಆ ದ್ರವ ಹಾಕಿಸಿಕೊಂಡರು. ಈ ಸಲ ಅದರಲ್ಲಿ ಆಮ್ಲಜನಕ ತುಂಬಿರಲಿಲ್ಲ. ದೇಹ ತಡೆದುಕೊಳ್ಳುತ್ತದಾ ಎಂದು ನೋಡುವುದಷ್ಟೇ ಉದ್ದೇಶ. 20 ಮಂದಿ ಪೂರ್ತಿ ಒಂದು ತಾಸು ತಡೆದುಕೊಂಡರು. ಒಂದೂವರೆ ಲೀಟರಿನವರೆಗೂ ಹಾಕಿಸಿಕೊಂಡವರಿಗೆ ಹೊಟ್ಟೆ ಉಬ್ಬರಿಸಿತು, ಸ್ವಲ್ಪ ನೋವಾಯಿತು, ಅಷ್ಟೇ.

ಲೋಕವೆಲ್ಲ ನಕ್ಕಿತು. ಉತ್ತರ ಕನ್ನಡದವರು ಮಾತ್ರ ನಗಬಾರದು. ನಾವು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಒಂದು ತಾಸು ತಡೆದರೆ ಭಟ್ಕಳ ಮುಟ್ಟಬಹುದು. ಮಣಿಪಾಲದ ಆಸ್ಪತ್ರೆ ಮುಟ್ಟುವವರೆಗೆ ತಡೆಯುವ ದಾರಿ ಏನಾದರೂ ಉಂಟಾ?

ಹಿಂಬಾಗಿಲ ವಿಷಯದಲ್ಲಿ ನಮಗೇನೂ ನಾಚಿಕೆ ಇಲ್ಲ. ಕಚೇರಿಗಳಿಗೆ ಅಲೆದವರಿಗೆ ಆ ಬಾಗಿಲು ಚೆನ್ನಾಗಿ ಪರಿಚಯ. ಖಾತೆ ಬದಲಾವಣೆ ಅಲ್ಲಿಂದ, ವರ್ಗಾವಣೆ ಅಲ್ಲಿಂದ. ಉಸಿರೂ ಅಲ್ಲಿಂದಲೇ ಬರಲಿ, ಬಿಡಿ.

ಹೊರಗಿನವರಿಗೆ ನಮ್ಮ ಕಥೆ ಸ್ವಲ್ಪ ಹೇಳಬೇಕು. ಉತ್ತರ ಕನ್ನಡ ಅಂದರೆ 10,000 ಚದರ ಕಿಲೋಮೀಟರಿಗೂ ಜಾಸ್ತಿ ಇರುವ ಜಿಲ್ಲೆ. 12 ತಾಲೂಕು. ಕಾಳಿ ನದಿಗೆ ಸಾಲು ಅಣೆಕಟ್ಟು ಕಟ್ಟಿ ಕರೆಂಟು ಕೊಟ್ಟಿದ್ದೇವೆ. ಕಾರವಾರದಲ್ಲಿ ನೌಕಾನೆಲೆಗೆ ಊರುಗಳನ್ನೇ ಬಿಟ್ಟುಕೊಟ್ಟಿದ್ದೇವೆ. ಕೈಗಾದ ಅಣು ವಿದ್ಯುತ್ ಘಟಕವೊಂದು 962 ದಿನ ನಿಲ್ಲದೆ ಓಡಿ 2018ರಲ್ಲಿ ದಾಖಲೆ ಮಾಡಿತು. ಆ ಯಂತ್ರ ನಿಲ್ಲದಂತೆ ನೋಡಿಕೊಳ್ಳುವ ಜಾಣರೆಲ್ಲ ಜಿಲ್ಲೆಯೊಳಗೇ ಇದ್ದಾರೆ. ಮನುಷ್ಯನ ಹೃದಯ ನಿಲ್ಲುವ ಸೂಚನೆ ಕಂಡರೆ ಮಾತ್ರ ಜಿಲ್ಲೆಯ ಗಡಿ ದಾಟುವ ಮಾತೇ ಮೊದಲು ಬರುತ್ತದೆ. ಕಾರವಾರದಲ್ಲಿ ಮೆಡಿಕಲ್ ಕಾಲೇಜು ಇದೆ ಅನ್ನುತ್ತೀರಾ? ಇದೆ. ಆದರೂ ಕರಾವಳಿಯವರು ಮಣಿಪಾಲ, ಮಂಗಳೂರು, ಇಲ್ಲಾ ಗೋವಾ ಅನ್ನುತ್ತಾರೆ. ಘಟ್ಟದ ಮೇಲಿನವರು ಹುಬ್ಬಳ್ಳಿ ಅನ್ನುತ್ತಾರೆ. "ರೆಫರ್ ಮಾಡಿದರು" ಅಂದರೆ ಸಾಕು, ನೆಂಟರು ಆಸ್ಪತ್ರೆ ಯಾವುದು ಎಂದು ಕೇಳುವುದಿಲ್ಲ. ಗಾಡಿ ಯಾವುದು, ಡ್ರೈವರ್ ಯಾರು ಎಂದು ಕೇಳುತ್ತಾರೆ.

2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್‌ನಲ್ಲಿ ಉರುಳಿ ನಾಲ್ವರು ಸತ್ತರು. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಇಲ್ಲದಿದ್ದರೆ ವೋಟೂ ಇಲ್ಲ ಎಂದು ಜನ ರೊಚ್ಚಿಗೆದ್ದರು. ಮುಂದಿನ ವರ್ಷ ಚುನಾವಣೆ ಬಂತು. ಸಾಲಾಗಿ ನಿಂತು ವೋಟು ಹಾಕಿ ಬಂದೆವು. ಬೆರಳಿಗೆ ಹಚ್ಚಿದ ಶಾಯಿ ಅಳಿಸಿತು. ಆಸ್ಪತ್ರೆಗೆ ಜಾಗ ನೋಡಿದರಂತೆ ಎಂಬ ಸುದ್ದಿ ಮಾತ್ರ ಇನ್ನೂ ಅಳಿಸಿಲ್ಲ, ಆಗಾಗ ಬರುತ್ತಲೇ ಇರುತ್ತದೆ.

ಹಾಗಾಗಿ ನನ್ನದೊಂದು ಸಲಹೆ. ಆಸ್ಪತ್ರೆಯನ್ನು ಹತ್ತಿರ ತರುವುದು ಆಗದ ಕೆಲಸ ಎಂದು ಸಾಬೀತಾಗಿದೆ. ಹಾಗಿದ್ದ ಮೇಲೆ ನಮ್ಮ ದೇಹವನ್ನೇ ಬದಲಾಯಿಸಿಬಿಡೋಣ. ದೂರಕ್ಕೆ ಒಗ್ಗುವ ದೇಹ ಬೇಕು. ಈಗಿರುವುದು ಸರಿಯಿಲ್ಲ. ಆಮ್ಲಜನಕ ನಿಂತರೆ ನಾಲ್ಕೈದು ನಿಮಿಷಕ್ಕೇ ಮೆದುಳು ಕೆಡಲು ಶುರುವಾಗುತ್ತದೆ. ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು ಅಮೆರಿಕದ ವೈದ್ಯರೊಬ್ಬರು 2006ರಲ್ಲೇ ಲೆಕ್ಕ ಹಾಕಿದ್ದಾರೆ. ಆಸ್ಪತ್ರೆಗಿರುವ ಮೂರು ತಾಸಿನ ದಾರಿಗೆ ಗುಣಿಸಿ ನೋಡಿ, 34 ಕೋಟಿ ದಾಟುತ್ತದೆ. ಗಾಬರಿ ಬೇಡ. ಮೆದುಳಿನಲ್ಲಿ ಒಟ್ಟು 8,600 ಕೋಟಿ ನರಕೋಶ ಇವೆ. ಉಳಿದದ್ದರಲ್ಲಿ ಮುಂದಿನ ಸಲವೂ ವೋಟು ಹಾಕಬಹುದು.

ಯಾವ ದೇಹ ಒಳ್ಳೆಯದು ಎಂದು ಹುಡುಕಿದರೆ ಮೊದಲು ಸಿಗುವುದು ಆಫ್ರಿಕಾದ ನೇಕೆಡ್ ಮೋಲ್ ರ್‍ಯಾಟ್. ಮೈಮೇಲೆ ಕೂದಲಿಲ್ಲ, ಬಿಲದಲ್ಲೇ ಸಂಸಾರ. ನಾವು ಬೋಳಿಲಿ ಅನ್ನೋಣ. ಆಮ್ಲಜನಕ ಚೂರೂ ಇಲ್ಲದೆ ಇದು 18 ನಿಮಿಷ ಬದುಕುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಸುಂಡಿಲಿಗೆ ಒಂದು ನಿಮಿಷವೂ ಆಗುವುದಿಲ್ಲ. ಕುಮಟಾದಿಂದ ಹೊರಟರೆ 18 ನಿಮಿಷಕ್ಕೆ ಶರಾವತಿ ಸೇತುವೆ ಸಿಗಬಹುದು. ಅದೂ ಹೆದ್ದಾರಿಯಲ್ಲಿ ದನ ಮಲಗಿರದಿದ್ದರೆ. ಆದರೆ ಶೇಕಡಾ 5ರಷ್ಟು ಆಮ್ಲಜನಕ ಕೊಟ್ಟರೆ ಇದೇ ಪ್ರಾಣಿ 5 ತಾಸು ಆರಾಮಾಗಿ ಇರುತ್ತದೆ. ಈಗ ನಮ್ಮ ಲೆಕ್ಕಕ್ಕೆ ಬಂತು ನೋಡಿ. 5 ತಾಸು ಅಂದರೆ ಮಂಗಳೂರು.

ಇದರ ಗುಟ್ಟು ಫ್ರಕ್ಟೋಸಿನಲ್ಲಿದೆ. ಆಮ್ಲಜನಕ ಕಡಿಮೆಯಾದಾಗ ನಮ್ಮ ಜೀವಕೋಶಗಳಲ್ಲಿ ಗ್ಲೂಕೋಸ್ ಉರಿಯುವ ದಾರಿಗೆ ತಡೆ ಬೀಳುತ್ತದೆ. ಬೋಳಿಲಿಯ ಮೆದುಳು, ಹೃದಯ ಆಗ ಫ್ರಕ್ಟೋಸ್ ಬಳಸುತ್ತವೆ. ಟೋಲ್ ತಪ್ಪಿಸಿ ಹಳ್ಳಿ ರಸ್ತೆಗೆ ನುಗ್ಗುವ ಲಾರಿಯ ಹಾಗೆ ಫ್ರಕ್ಟೋಸ್ ಆ ತಡೆಯನ್ನು ತಪ್ಪಿಸಿಕೊಂಡು ಮುಂದೆ ಹೋಗುತ್ತದೆ. ಫ್ರಕ್ಟೋಸಿಗೆ ನಮ್ಮಲ್ಲಿ ಬರವಿಲ್ಲ. ಶಿರಸಿ ಸೀಮೆಯ ಜೇನಿದೆ, ಹಲಸು ಮರದಲ್ಲೇ ಕೊಳೆಯುತ್ತದೆ. ಬೇಕಾಗಿರುವುದು ಇಲಿಯ ಮೆದುಳು ಮಾತ್ರ.

ಇನ್ನೂ ಒಂದು ಸಂಗತಿ ಉಂಟು. ಬೋಳಿಲಿಯ ಚರ್ಮಕ್ಕೆ ಆಮ್ಲ ತಾಗಿದರೂ ನೋವಾಗುವುದಿಲ್ಲ, ಮೆಣಸಿನ ಖಾರ ತಾಗಿದರೂ ಉರಿಯುವುದಿಲ್ಲ. ಇಡೀ ಗೂಡಿಗೆ ಒಬ್ಬಳೇ ರಾಣಿ. ಉಳಿದವರು ಕತ್ತಲಲ್ಲಿ ಸುರಂಗ ತೋಡುತ್ತಾ ಅವಳ ಮಕ್ಕಳನ್ನು ಸಾಕುತ್ತಾರೆ. ಗಾಳಿ ಕಡಿಮೆ ಕೊಟ್ಟರೂ ನಡೆಯುತ್ತದೆ, ನೋವು ಕೊಟ್ಟರೂ ಕೂಗುವುದಿಲ್ಲ, 30 ವರ್ಷಕ್ಕೂ ಹೆಚ್ಚು ಬಾಳುತ್ತದೆ. ಅಂದರೆ ಆರು ವಿಧಾನಸಭೆ ಚುನಾವಣೆ! ಇಂಥ ಮತದಾರ ಸಿಕ್ಕರೆ ಯಾವ ಪಕ್ಷ ತಾನೇ ಬೇಡ ಅನ್ನುತ್ತದೆ?

ಬೋಳಿಲಿ ಹಿಡಿಸದವರಿಗೆ ಕ್ರೂಸಿಯನ್ ಕಾರ್ಪ್ ಎಂಬ ಮೀನಿದೆ. ಯುರೋಪಿನ ಹಿಮ ಮುಚ್ಚಿದ ಕೆರೆಗಳ ತಳದಲ್ಲಿ ಆಮ್ಲಜನಕವೇ ಇಲ್ಲದೆ ಇದು ತಿಂಗಳುಗಟ್ಟಲೆ ಬದುಕುತ್ತದೆ. ಆಮ್ಲಜನಕವಿಲ್ಲದೆ ದುಡಿದರೆ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿ ಪ್ರಾಣಿ ಸಾಯಬೇಕು. ಈ ಮೀನು ಅದನ್ನು ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಬಿಡುತ್ತದೆ. ಚಳಿಗಾಲದಲ್ಲಿ ಇದರ ರಕ್ತದಲ್ಲಿ 100 ಮಿಲಿಲೀಟರಿಗೆ 50 ಮಿಲಿಗ್ರಾಂಗೂ ಜಾಸ್ತಿ ಆಲ್ಕೋಹಾಲ್ ಇರುತ್ತದೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವನಿಗೆ ಇರುವ ಮಿತಿ 30. ಹಾಗಾಗಿ ರೋಗಿ ಹಿಂದೆ ಮಲಗಬೇಕು, ಸ್ಟೇರಿಂಗ್ ಮುಟ್ಟಬಾರದು. ಕಾರವಾರದಿಂದ ಗೋವಾಕ್ಕೆ ಹೋದವರಿಗೆ ವಾಪಸು ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಇನ್ನೊಂದು ತಾಪತ್ರಯ. ಡಿಕ್ಕಿಯಲ್ಲಿ ಬಾಟಲಿ ಇಲ್ಲ ಸಾರ್, ಇದು ನನ್ನ ಸ್ನಾಯುವಿನಲ್ಲೇ ತಯಾರಾದ ಮಾಲು ಅಂದರೆ ಯಾವ ಅಬಕಾರಿ ಸಿಬ್ಬಂದಿ ನಂಬುತ್ತಾರೆ?

ಮಲಗಿ ಕಾಯುವವರಿಗೆ ಕರಡಿ ಒಳ್ಳೆಯದು. ಚಳಿಗಾಲದಲ್ಲಿ ತಿಂಗಳುಗಟ್ಟಲೆ ಅಲ್ಲಾಡದೆ ಬಿದ್ದುಕೊಂಡರೂ ಕಂದು ಕರಡಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟುವುದಿಲ್ಲ. ಒಂದು ಪ್ರೋಟೀನು ಆಗ ಬಹಳ ಕಡಿಮೆಯಾಗುವುದೇ ಕಾರಣ ಎಂದು 2023ರಲ್ಲಿ ತಿಳಿಯಿತು. ಹೃದಯದ ಕಾಯಿಲೆಯವರಿಗೆ ನಮ್ಮ ದೇಶದ್ದೇ ಜೀಬ್ರಾ ಮೀನು ಇದೆ. ಹೃದಯದ ಕೆಳಕೋಣೆಯ ಐದನೇ ಒಂದು ಭಾಗ ಕತ್ತರಿಸಿದರೂ ಎರಡು ತಿಂಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತದೆ. ಸ್ಟೆಂಟೂ ಬೇಡ, ಪ್ಯಾಕೇಜೂ ಬೇಡ.

ಮಳೆಗಾಲಕ್ಕೆ ಯಾವ ಪ್ರಾಣಿ ಎಂದು ಮಾತ್ರ ನನಗೆ ಹೊಳೆಯಲಿಲ್ಲ. 2024ರ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿತು. ಆಗಸ್ಟಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿದ್ದಿತು. ದಕ್ಷಿಣಕ್ಕೂ ತೊಂದರೆ, ಉತ್ತರಕ್ಕೂ ತೊಂದರೆ. ಅಂಥ ಹೊತ್ತಿಗೆ ರೆಕ್ಕೆ ಇರುವುದೇ ಬೇಕು.

ಇದೆಲ್ಲ ಶಿರಸಿಯ ಭಾವನ ಹತ್ತಿರ ಹೇಳಿದೆ. ಅವನು ಕವಳ ಹಾಕಿಕೊಳ್ಳುತ್ತಾ ಕೇಳಿದ.

"ಎಲ್ಲಾ ಹೌದು ಭಾವ, ದೇಹ ಬದಲಾಗಲಿಕ್ಕೆ ಎಷ್ಟು ಕಾಲ ಬೇಕು?"

ಇಂಡೊನೇಷ್ಯಾದಲ್ಲಿ ಬಜೌ ಎಂಬ ಜನ ಇದ್ದಾರೆ ಎಂದೆ. ಸಾವಿರ ವರ್ಷಕ್ಕೂ ಜಾಸ್ತಿ ಕಾಲದಿಂದ ಉಸಿರು ಬಿಗಿಹಿಡಿದು ಸಮುದ್ರಕ್ಕೆ ಮುಳುಗಿ ಮೀನು ಹಿಡಿಯುವವರು. ಅವರ ಗುಲ್ಮ (ಸ್ಪ್ಲೀನ್) ಪಕ್ಕದ ಊರಿನವರದ್ದಕ್ಕಿಂತ ಅರ್ಧದಷ್ಟು ದೊಡ್ಡದು ಎಂದು 2018ರಲ್ಲಿ ಅಳೆದು ತೋರಿಸಿದ್ದಾರೆ. ಮುಳುಗಿದಾಗ ಅದು ಹಿಂಡಿಕೊಂಡು ಹೆಚ್ಚಿನ ಕೆಂಪು ರಕ್ತಕಣ ಬಿಡುತ್ತದೆ.

"ಸಾವಿರ ವರ್ಷವಾ?" ಅಂದ ಭಾವ. "ಹಾಗಿದ್ದರೆ ಇದು ಆಸ್ಪತ್ರೆಗಿಂತ ಬೇಗ ಆಗ್ತದೆ."

ಅವನ ಮಾತಿನಿಂದ ಧೈರ್ಯ ಬಂತು. ಇಂಥದ್ದೊಂದು ಯೋಜನೆ ನಿಜವಾಗಿ ಮಂಜೂರಾದರೆ ಹೇಗೆ ನಡೆಯಬಹುದು ಎಂದು ಕಲ್ಪಿಸಿಕೊಂಡೆ. ಪ್ರಯೋಗಕ್ಕೆಂದು ಒಂದು ಬೋಳಿಲಿ ಬರುತ್ತದೆ. ಎಲ್ಲಿಡಬೇಕು ಎಂದು ಸಭೆ ಕರೆಯುತ್ತಾರೆ. ಜಿಲ್ಲಾಕೇಂದ್ರ ನಮ್ಮದು, ಇಲಿ ಇಲ್ಲೇ ಇರಬೇಕು ಎಂದು ಕಾರವಾರದವರು. ಎಲ್ಲರಿಗೂ ನಡು ಆಗುವುದು ನಾವು ಎಂದು ಕುಮಟಾದವರು. ಘಟ್ಟದ ಮೇಲಿನವರು ಮನುಷ್ಯರಲ್ಲವಾ ಎಂದು ಶಿರಸಿಯವರು. ಹಳಿಯಾಳದವರು ನಮಗೆ ಧಾರವಾಡವೇ ಹತ್ತಿರ ಎಂದು ಎದ್ದು ಹೋಗುತ್ತಾರೆ. ಭಟ್ಕಳದವರು ಮಾತೇ ಆಡುವುದಿಲ್ಲ, ಅವರಿಗೆ ಮಣಿಪಾಲ ದೂರವಿಲ್ಲ. ಎಡ ಶ್ವಾಸಕೋಶ ಕರಾವಳಿಗೆ, ಬಲದ್ದು ಘಟ್ಟಕ್ಕೆ ಎಂದು ಹಿರಿಯರೊಬ್ಬರು ರಾಜಿ ಸೂತ್ರ ಮುಂದಿಡುತ್ತಾರೆ.

ಇಷ್ಟು ಹೊತ್ತೂ ಇಲಿ ಮೇಜಿನ ಮೇಲೆ ಮುಚ್ಚಿದ ಗಾಜಿನ ಡಬ್ಬಿಯಲ್ಲಿದೆ. ಅದಕ್ಕೆ ಇದ್ದದ್ದು 18 ನಿಮಿಷ. ಸ್ವಾಗತ ಭಾಷಣವೇ 25 ನಿಮಿಷ ನಡೆದಿದೆ. ಹೂಗುಚ್ಛ, ಶಾಲು, ಫೋಟೊ ಬೇರೆ. ಯಾರೋ ಡಬ್ಬಿ ನೋಡಿ ಗಾಬರಿಯಾಗಿ 108ಕ್ಕೆ ಫೋನ್ ಮಾಡುತ್ತಾರೆ. ಡಾಕ್ಟರು ಬಂದು ನಾಡಿ ಹಿಡಿದು ನೋಡಿ, ಸ್ವಲ್ಪ ಜೀವ ಇದೆ ಎಂದು ಚೀಟಿ ಬರೆಯುತ್ತಾರೆ.

ಮಣಿಪಾಲಕ್ಕೆ ರೆಫರ್.