ಗಡಿಯಲ್ಲಿ ಲಾರಿ ಎಷ್ಟು ಗಂಟೆ ಕಾಯಿತು? ಮೊದಲು ಅದನ್ನು ಹೇಳಿ

ಬಡ ದೇಶಗಳ ರಫ್ತಿನ ಮಾತು ಬಂದ ಕೂಡಲೇ ಎಲ್ಲರೂ ಸುಂಕದ ಲೆಕ್ಕ ತೆಗೆಯುತ್ತಾರೆ. ಯಾರು ಎಷ್ಟು ಪರ್ಸೆಂಟ್ ಹಾಕಿದರು, ಯಾರು ಇಳಿಸಿದರು, ಇದೇ ಚರ್ಚೆ. ಸುಂಕ ಮುಖ್ಯ, ಇಲ್ಲ ಅನ್ನುವುದಿಲ್ಲ. ಆದರೆ ಸುಂಕ ಪೂರ್ತಿ ಸೊನ್ನೆಯಾದರೂ ಲಾರಿ ಗಡಿಯಲ್ಲಿ ನಾಲ್ಕು ದಿನ ನಿಂತರೆ ಬೆಳೆದವರಿಗೆ ಸಿಕ್ಕಿದ್ದೇನು? ಲಾರಿ ಬಾಡಿಗೆ, ಡ್ರೈವರ್ ಭತ್ಯೆ, ಸಾಲದ ಬಡ್ಡಿ, ಕಂಟೇನರ್ ವಾಪಸ್ ಕೊಡಲು ತಡವಾಯಿತು ಅಂತ ಹಡಗು ಕಂಪನಿ ಹಾಕುವ ದಂಡ... ಇದೆಲ್ಲ ಸುತ್ತಿ ಬಳಸಿ ಅವರಿಗೆ ಸಿಗುವ ಬೆಲೆಯಲ್ಲೇ ಕಡಿತವಾಗುತ್ತದೆ. ಸುಂಕವಾದರೆ ಸರ್ಕಾರದ ಖಜಾನೆಗಾದರೂ ಹೋಗುತ್ತದೆ. ಈ ಹಣದಲ್ಲಿ ಹೆಚ್ಚಿನದು ಯಾರಿಗೂ ದಕ್ಕದೆ ಸುಮ್ನೆ ಹಾಳಾಗುತ್ತದೆ. ನನಗೆ ಸಿಟ್ಟು ಬರುವುದೇ ಇಲ್ಲಿ.

ವಿಶ್ವ ಬ್ಯಾಂಕಿನ ಸಂಶೋಧಕರು ಇದನ್ನು ಲೆಕ್ಕ ಹಾಕಿ ನೋಡಿದ್ದಾರೆ. ಸರಕು ಹಡಗು ಹತ್ತುವ ಮೊದಲು ಒಂದು ದಿನ ಜಾಸ್ತಿ ತಡವಾದರೆ ವ್ಯಾಪಾರ ಕನಿಷ್ಠ ಶೇ 1ರಷ್ಟು ಕುಸಿಯುತ್ತದೆ. ಹಣ್ಣು, ತರಕಾರಿಯಂಥ ಬೇಗ ಕೆಡುವ ಸರಕಿಗೆ ಪೆಟ್ಟು ಇನ್ನೂ ಜೋರು.

ಇದಕ್ಕೆ ಪರಿಹಾರ ಇಲ್ಲದೇ ಇಲ್ಲ. ಜಾಂಬಿಯಾ ಮತ್ತು ಜಿಂಬಾಬ್ವೆ ನಡುವಿನ ಚಿರುಂಡು ಗಡಿಯನ್ನೇ ನೋಡಿ. ನಡುವೆ ಜಾಂಬೆಜಿ ನದಿ, ಮೇಲೆ ಸೇತುವೆ. ಮೊದಲು ಲಾರಿ ಈ ಕಡೆ ನಿಂತು ಕಾಗದ ತೋರಿಸಿ, ತಪಾಸಣೆ ಮುಗಿಸಿ, ಸೇತುವೆ ದಾಟಿ, ಆ ಕಡೆ ಮತ್ತೆ ಸಾಲಿಗೆ ನಿಲ್ಲಬೇಕಿತ್ತು. ಅದೇ ಸರಕು, ಅದೇ ಕಾಗದ, ಬೇರೆ ಠಸ್ಸೆ ಅಷ್ಟೇ. 2009ರ ಡಿಸೆಂಬರ್‌ನಲ್ಲಿ ಎರಡೂ ದೇಶದ ಅಧಿಕಾರಿಗಳು ಒಂದೇ ಸೂರಿನಡಿ ಕೂರಲು ಶುರು ಮಾಡಿದರು. ಉತ್ತರಕ್ಕೆ ಹೋಗುವ ಲಾರಿ ಜಾಂಬಿಯಾ ಕಡೆ ಮಾತ್ರ ನಿಲ್ಲುತ್ತದೆ, ದಕ್ಷಿಣಕ್ಕೆ ಹೋಗುವುದು ಜಿಂಬಾಬ್ವೆ ಕಡೆ ಮಾತ್ರ. ಒಂದು ದೇಶದ ಅಧಿಕಾರಿ ಇನ್ನೊಂದು ದೇಶದ ನೆಲದಲ್ಲಿ ಕೂತು ತನ್ನ ಕಾನೂನು ಜಾರಿ ಮಾಡಬೇಕಲ್ವಾ, ಅದಕ್ಕೆ ಎರಡೂ ಕಡೆ ಹೊಸ ಕಾಯ್ದೆ ಬೇಕಾಯಿತು. ಮಾಡಿದರು. ದಿನಗಟ್ಟಲೆ ಕಾಯುತ್ತಿದ್ದ ಲಾರಿಗಳು ಬೇಗ ಬೇಗ ಹೊರಡತೊಡಗಿದವು.

ಮೊಂಬಾಸಾದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಗಾಂಡಕ್ಕೆ ಸಮುದ್ರವಿಲ್ಲ, ಅದರ ಸರಕು ಇಳಿಯುವುದು ಕೀನ್ಯಾದ ಈ ಬಂದರಿನಲ್ಲಿ. 2014ರ ಹೊತ್ತಿಗೆ ಉಗಾಂಡದ ಕಸ್ಟಮ್ಸ್‌ನವರೇ ಮೊಂಬಾಸಾಗೆ ಬಂದು ಕೂತರು. ತೆರಿಗೆ ಅಲ್ಲೇ ಮುಗಿಸಿದರೆ ದಾರಿಯಲ್ಲಿ ಮತ್ತೆ ಮತ್ತೆ ಅದೇ ಲೆಕ್ಕ ಒಪ್ಪಿಸುವ ಗೋಳಿಲ್ಲ. ಉಗಾಂಡದ ರಾಜಧಾನಿ ಕಂಪಾಲಾ ತಲುಪಲು 18 ದಿನ ಹಿಡಿಯುತ್ತಿದ್ದದ್ದು ಸುಮಾರು 4 ದಿನಕ್ಕೆ ಬಂತು.

ಕಾಗದದ ಕಥೆ ಬೇರೆಯೇ ಇದೆ. 2014ರಲ್ಲಿ ಹಡಗು ಕಂಪನಿ ಮಾರ್ಸ್ಕ್, ಪೂರ್ವ ಆಫ್ರಿಕಾದಿಂದ ಯುರೋಪಿಗೆ ಹೋದ ಒಂದು ಶೈತ್ಯ ಕಂಟೇನರಿನ ಹಿಂದೆ ಬಿದ್ದು ನೋಡಿತು. ಸುಮಾರು 30 ವ್ಯಕ್ತಿ, ಸಂಸ್ಥೆಗಳ ಕೈ ದಾಟಿತ್ತು. ನಡುವೆ ನಡೆದ ಪತ್ರ, ಒಪ್ಪಿಗೆ, ಸಂಪರ್ಕ 200ಕ್ಕೂ ಹೆಚ್ಚು!

ಇಲ್ಲಿ ಸಣ್ಣವರ ಪಾಡು ನೋಡಿ. ನೂರು ಕಂಟೇನರ್ ಕಳಿಸುವವನಿಗೂ ಹತ್ತು ಪೆಟ್ಟಿಗೆ ಕಳಿಸುವವಳಿಗೂ ಫಾರಂ ಹೆಚ್ಚುಕಮ್ಮಿ ಒಂದೇ. ದೊಡ್ಡ ಕಂಪನಿ ಅದಕ್ಕೆಂದೇ ಜನ ಇಟ್ಟುಕೊಂಡಿರುತ್ತದೆ. ಸಣ್ಣವರು, ಕಸ್ಟಮ್ಸ್ ಕಾಗದ ಮಾಡಿಸಿಕೊಡುವ ಕ್ಲಿಯರಿಂಗ್ ಏಜೆಂಟ್ ಕೇಳಿದಷ್ಟು ಕೊಡಬೇಕು. ರುವಾಂಡಾ ಮತ್ತು ಕಾಂಗೋ ನಡುವಿನ ಗೋಮಾ ಗಡಿಯಲ್ಲಿ ತಲೆ ಮೇಲೆ ಸರಕು ಹೊತ್ತು ದಾಟುವವರಲ್ಲಿ ಹೆಂಗಸರೇ ಹೆಚ್ಚು. ಕಟ್ಟಬೇಕಾದ ನಿಜವಾದ ಶುಲ್ಕ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಎದುರಿಗಿರುವವನು ಕೇಳಿದ್ದೇ ಶುಲ್ಕ. ಒಂದು ಶುಲ್ಕದ ಪಟ್ಟಿ ಗೋಡೆಗೆ ಅಂಟಿಸಲು ಯಾವ ವಿದೇಶಿ ಸಾಲವೂ ಬೇಕಿಲ್ಲ.

ಸುಂಕವನ್ನೇ ನಂಬಿರುವ ಸರ್ಕಾರಗಳಿಗೆ ಒಂದು ಭಯವಿದೆ. ತಪಾಸಣೆ ಸಡಿಲಿಸಿದರೆ ಕಳ್ಳಸಾಗಣೆ ಹೆಚ್ಚುತ್ತದೆ, ಆದಾಯ ಹೋಗುತ್ತದೆ ಅಂತ. ಭಯ ಸುಳ್ಳಲ್ಲ. ಆದರೆ ಎಲ್ಲಾ ಪೆಟ್ಟಿಗೆ ಬಿಚ್ಚುವ ಕಡೆ ಯಾವುದನ್ನೂ ಸರಿಯಾಗಿ ನೋಡಲು ಆಗುವುದಿಲ್ಲ. ಅನುಮಾನ ಇರುವುದನ್ನು ಆರಿಸಿ ಬಿಚ್ಚಿ, ಉಳಿದದ್ದನ್ನು ಬಿಡಿ.

ಇದನ್ನೆಲ್ಲ ಹೇಳುವ ಒಪ್ಪಂದವೂ ಇದೆ. ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮ ಒಪ್ಪಂದ. 2013ರಲ್ಲಿ ಬಾಲಿಯಲ್ಲಿ ಒಪ್ಪಿ, 2017ರ ಫೆಬ್ರುವರಿ 22ರಂದು ಜಾರಿಗೆ ಬಂತು. ಪೂರ್ತಿ ಜಾರಿಯಾದರೆ ವ್ಯಾಪಾರದ ವೆಚ್ಚ ಸರಾಸರಿ ಶೇ 14.3ರಷ್ಟು ಇಳಿಯಬಹುದು ಅನ್ನುವುದು ಸಂಸ್ಥೆಯ ಅಂದಾಜು. ಅದರಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಯಾವ ನಿಯಮ ಪಾಲಿಸಲು ತನಗೆ ಹೊರಗಿನ ನೆರವು ಬೇಕು ಅಂತ ಬಡ ದೇಶವೇ ಗುರುತಿಸಬಹುದು, ಅದನ್ನು ಮಾಡುವ ಶಕ್ತಿ ಬಂದ ಮೇಲೆ ಪಾಲಿಸಬಹುದು. ಹಾಗಾದರೆ ಶ್ರೀಮಂತ ದೇಶಗಳು ನೆರವು ಕೊಡಲೇಬೇಕು. ಬರೀ ಉಪದೇಶ ಸಾಲದು.

ಬೇಸರದ ಮಾತೂ ಒಂದಿದೆ. ಸರಕು ಬಿಡುಗಡೆಗೆ ಸರಾಸರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆದು ಪ್ರಕಟಿಸಲು ಈ ಒಪ್ಪಂದ ಪ್ರೋತ್ಸಾಹಿಸುತ್ತದೆ, ಕಡ್ಡಾಯ ಮಾಡುವುದಿಲ್ಲ. ನನ್ನ ಪ್ರಕಾರ ಕಡ್ಡಾಯ ಆಗಬೇಕಿದ್ದದ್ದೇ ಇದು. ಕಂಪ್ಯೂಟರ್ ತಂದೆವು, ಹೊಸ ಕಟ್ಟಡ ಕಟ್ಟಿದೆವು ಅನ್ನುವ ವರದಿಗಳು ಬೇಕಾದಷ್ಟಿವೆ. ಪ್ರತಿ ಗಡಿ, ಪ್ರತಿ ಬಂದರು ತಿಂಗಳಿಗೊಮ್ಮೆ ಕಾಯುವ ಗಂಟೆಗಳನ್ನು ಪ್ರಕಟಿಸಲಿ. ಸಣ್ಣ ವ್ಯಾಪಾರಿಗಳ ಲೆಕ್ಕ ಬೇರೆಯಾಗಿ ಕೊಡಲಿ. ಸರಾಸರಿಯ ಜೊತೆಗೆ ಎಲ್ಲಕ್ಕಿಂತ ಜಾಸ್ತಿ ಕಾದವರು ಎಷ್ಟು ಕಾದರು ಅನ್ನುವುದೂ ಇರಲಿ. ಮತ್ತೆ ಗಡಿಯಾರ ಶುರುವಾಗುವುದು ಅಧಿಕಾರಿ ಫೈಲ್ ತೆರೆದಾಗ ಅಲ್ಲ, ಲಾರಿ ಸಾಲಿನ ಕೊನೆಗೆ ಬಂದು ನಿಂತಾಗ.